ಲಿನ್ ಹೆಸರಿಗೊಂದು ಅರ್ಚನೆ

ಮೊನ್ನೆ ಚಟ್ನಿ ರುಬ್ಬುವಾಗ ಮಿಕ್ಸಿಯಿಂದ ಸುಟ್ಟ ವಾಸನೆ ಬಂತು. ಪ್ಲಗ್ ಕಿತ್ತು, ಕಿಟಕಿ ತೆಗೆದು, ಸೆರಗಿನಿಂದ ಬೀಸುತ್ತಿದ್ದೆ. ಪೇಪರ್ ಓದುತ್ತಿದ್ದ ನಮ್ಮ ಯಜಮಾನರು ಎದ್ದು ಬಂದು ಅಡುಗೆಮನೆ ಬಾಗಿಲಲ್ಲಿ ನಿಂತರು. "ಥೂ, ಅದೇ ವಾಸ್ನೆ ಕಣೇ," ಎಂದರು. ಯಾವ ವಾಸನೆ ಎಂದು ನಾನು ಕೇಳಲಿಲ್ಲ. ಮಿಕ್ಸಿ ರಿಪೇರಿಗೆ ಹೋಯಿತು, ಚಟ್ನಿಯನ್ನು ಒರಳಿನಲ್ಲಿ ರುಬ್ಬಿದೆ. ಒರಳನ್ನು ಯಾರಿಗೂ ಕೊಡದೆ ಇಟ್ಟುಕೊಂಡಿದ್ದೇನಲ್ಲ, ಅದೂ ಆ ಶಿವನ ದಯೆಯೇ. ಆದರೆ ರುಬ್ಬುತ್ತ ಕೂತವಳ ತಲೆಯಲ್ಲಿ ಆ ವರ್ಷದ ದಸರಾದಿಂದ ಶಿವರಾತ್ರಿವರೆಗಿನ ದಿನಗಳೆಲ್ಲ ತಿರುಗತೊಡಗಿದವು.

ನಂಜನಗೂಡಿನಲ್ಲಿ ಮನೆ ನೋಡಿಕೊಂಡು, ಸೋಮವಾರ ತಪ್ಪದೆ ನಂಜುಂಡೇಶ್ವರನ ದರ್ಶನ ಮಾಡಿಕೊಂಡು ಇರುವ ಹೆಂಗಸು ನಾನು. ಪೇಪರಿನಲ್ಲಿ ತಿಥಿ ನಕ್ಷತ್ರ, ಕರೆಂಟ್ ಯಾವತ್ತು ತೆಗೆಯುತ್ತಾರೆ ಎನ್ನುವುದು, ಇಷ್ಟು ನೋಡಿದರೆ ನನ್ನ ಓದು ಮುಗಿಯಿತು. ಆ ಚಳಿಗಾಲ ಮಾತ್ರ ಮೊದಲ ಪುಟವನ್ನು ಬಿಡದೆ ಓದಿದೆ. ಭಾರತ, ಚೀನಾ ಎರಡೂ ಹೆಸರು ಒಟ್ಟಿಗೆ ಎಲ್ಲಿ ಕಂಡರೂ ಒಲೆಯ ಮೇಲಿನ ಹಾಲನ್ನೂ ಮರೆತು ಓದುತ್ತಿದ್ದೆ.

ಯಜಮಾನರು ತಾಂಡ್ಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಆಪರೇಟರು. ಬಾಟಲಿಗಳಿಗೆ ಹಾಕುವ ಪ್ಲಾಸ್ಟಿಕ್ ಮುಚ್ಚಳ ಮಾಡುವ ಕಾರ್ಖಾನೆ ಅದು. ಅಲ್ಲಿನ ದೊಡ್ಡ ಮಷೀನು ಚೀನಾದ್ದು. ಗಡಿಯ ಗಲಾಟೆಗೆ ಮುಂಚೆಯೇ ಬಂದದ್ದು. ಕೂರಿಸಿದ ದಿನದಿಂದ ಅದರ ಉಸ್ತುವಾರಿ ಇವರದೇ. ನನ್ನ ತಮ್ಮ ಮಾದೇವ ಅದೇ ಮಷೀನಿನಿಂದ ಬೀಳುವ ಮುಚ್ಚಳಗಳನ್ನು ಆರಿಸಿ ಡಬ್ಬಕ್ಕೆ ತುಂಬುವ ಗುತ್ತಿಗೆ ಕೆಲಸದವನು. ನನ್ನ ತವರು ತಿ. ನರಸೀಪುರ. ಅಲ್ಲಿಂದ ಅವನು ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ. ಅವನಿಗೆ ಆ ಕೆಲಸ ಕೊಡಿಸಿದ್ದೂ ಇವರೇ.

ಆಯುಧಪೂಜೆ ದಿನ ಆ ಕಾರ್ಖಾನೆಯಲ್ಲಿ ಪುರೋಹಿತರು ಆಫೀಸಿಗೆ ಮಾತ್ರ ಪೂಜೆ ಮಾಡುತ್ತಾರೆ. ಮಷೀನುಗಳಿಗೆ, ಯಾರು ಯಾವುದನ್ನು ನಡೆಸುತ್ತಾರೋ ಅವರದೇ ಪೂಜೆ. ಬೆಳಗ್ಗೆ ನಾನು ದೇವಸ್ಥಾನಕ್ಕೆ ಹೋಗಿ ಅಭಿಷೇಕದ ತೀರ್ಥವನ್ನು ಒಂದು ಬಾಟಲಿಯಲ್ಲಿ ತಂದು, "ಮಷೀನಿಗೆ ಪ್ರೋಕ್ಷಣೆ ಮಾಡಿ, ಮರೀಬೇಡಿ," ಎಂದು ಇವರ ಚೀಲದೊಳಗಿಟ್ಟೆ. ಇವರು ಮರೆಯಲಿಲ್ಲ. ಮಷೀನಿಗೆ ವಿಭೂತಿ ಪಟ್ಟೆ ಎಳೆದು, ಕುಂಕುಮ ಇಟ್ಟು, ಬಾಳೆಕಂದು ಕಟ್ಟಿ, ಮಾವಿನೆಲೆಯಲ್ಲಿ ತೀರ್ಥ ಚಿಮುಕಿಸಿದರು. ಆಮೇಲೂ ಬಾಟಲಿಯಲ್ಲಿ ಅರ್ಧ ಉಳಿಯಿತು. ತೀರ್ಥವನ್ನು ನೆಲಕ್ಕೆ ಚೆಲ್ಲಿದರೆ ನಾಲ್ಕು ಜನ ತುಳಿಯುತ್ತಾರೆ. ಮಷೀನಿನ ಪಕ್ಕದಲ್ಲೇ ಬೀರುವಿನಷ್ಟು ಎತ್ತರದ ಒಂದು ಪೆಟ್ಟಿಗೆ, ಮಷೀನಿನ ಮೆದುಳೆಲ್ಲ ಅದರೊಳಗೇ. ಅದರ ನೆತ್ತಿಯ ಮೇಲೂ ಕುಂಕುಮ ಇಟ್ಟಿದ್ದರಲ್ಲ, ಅಲ್ಲಿ ಯಾರ ಕಾಲೂ ಬೀಳುವುದಿಲ್ಲ ಎಂದು ಉಳಿದ ತೀರ್ಥವನ್ನೆಲ್ಲ ಭಕ್ತಿಯಿಂದ ಅಲ್ಲೇ ಸುರಿದು ಕೈಮುಗಿದರು.

ಗಾಳಿಯಾಡಲೆಂದು ಆ ನೆತ್ತಿಯಲ್ಲಿ ಸೀಳುಗಳಿದ್ದದ್ದು ಇವರಿಗೆ ಗೊತ್ತಿಲ್ಲದ್ದೇನಲ್ಲ. ಆ ಹೊತ್ತಿಗೆ ನೆನಪಾಗಲಿಲ್ಲ, ಅಷ್ಟೇ.

ಎರಡು ದಿನ ರಜೆ ಕಳೆದು ಸೋಮವಾರ ಕೆಲಸಕ್ಕೆ ಹೋದವರು ಮಧ್ಯಾಹ್ನ ಮೂರಕ್ಕೇ ಮನೆಗೆ ಬಂದರು. ನಲ್ಲಿಯ ಹತ್ತಿರ ಕಾಲು ತೊಳೆಯುತ್ತ ನಿಂತವರು ತೊಳೆಯುತ್ತಲೇ ಇದ್ದರು. ಅಂಗಿಯಿಂದ ವೈರು ಸುಟ್ಟ ವಾಸನೆ.

"ಏನ್ರೀ, ಇಷ್ಟು ಬೇಗ?"

"ಮಷೀನ್ ಹೋಯ್ತು. ಸ್ವಿಚ್ ಹಾಕ್ದೆ, ಪಟ್ ಅಂತು, ಹೊಗೆ ಬಂತು. ಸತ್ತೇಹೋಯ್ತು ಕಣೇ."

"ಅಯ್ಯೋ ಶಿವನೇ. ಯಾಕಂತೆ?"

ನಲ್ಲಿ ನಿಲ್ಲಿಸಿದರು. "ಬಾಟ್ಲೀಲಿ ತೀರ್ಥ ಉಳ್ದಿತ್ತಲ್ಲ, ಅದನ್ನ ಪೆಟ್ಟಿಗೆ ಮೇಲೆ ಉಯ್ದ್‌ಬುಟ್ಟಿದ್ದೆ."

"ಮ್ಯಾನೇಜರ್ ಏನಂದ್ರು?"

"ಕರೆಂಟು ಏರುಪೇರಾಗಿ ಸುಟ್ಟದೆ ಅಂದ್ರು."

"ನೀವು ಹೂ ಅಂದ್ರಾ?"

"ಹೂ ಅನ್ಲಿಲ್ಲ. ಸುಮ್ನಿದ್ದೆ."

ಆ ಸುಮ್ಮನಿದ್ದದ್ದೇ ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಒಬ್ಬ ನೆಂಟನ ಹಾಗೆ ಉಳಿದುಬಿಟ್ಟಿತು. ಹೇಳಿದರೆ ಬೇಜವಾಬ್ದಾರಿ ಎಂದು ಕೆಲಸದಿಂದ ತೆಗೆಯುತ್ತಾರೆ ಎಂಬುದು ಇವರ ಭಯ. ನನ್ನದು ಬೇರೆ ಸಂಕಟ. ತಂದುಕೊಟ್ಟವಳು ನಾನು. ತೀರ್ಥದಿಂದ ಕೆಡುಕಾಗುತ್ತದೆಯೇ ಎಂದು ಎರಡು ದಿನ ದೇವರ ಮನೆಯಲ್ಲಿ ದೀಪ ಹಚ್ಚುವಾಗೆಲ್ಲ ಕೈ ತಡೆಯುತ್ತಿತ್ತು. ಮೂರನೆಯ ದಿನ ಮನಸ್ಸು ತಾನಾಗಿ ತಿಳಿಯಾಯಿತು. ತೀರ್ಥ ತೀರ್ಥವೇ. ಅದನ್ನು ಎಲ್ಲಿ ಹಾಕಬೇಕು ಎಂದು ಯೋಚಿಸುವುದಕ್ಕೆ ನಮಗೆ ಬುದ್ಧಿ ಕೊಟ್ಟಿದ್ದಾನಲ್ಲ.

ಬೆಂಗಳೂರಿನಿಂದ ಮೆಕ್ಯಾನಿಕ್‌ಗಳು ಬಂದು ಎರಡು ದಿನ ಬಿಚ್ಚಿ ನೋಡಿ ಕೈಚೆಲ್ಲಿದರು. ಒಳಗಿನ ಎಲೆಕ್ಟ್ರಾನಿಕ್ ಕಾರ್ಡು ಸುಟ್ಟಿದೆ, ಅದನ್ನು ಹೊರಗೆ ಎಳೆಯಲು ತಮಗೆ ಅಪ್ಪಣೆಯಿಲ್ಲ, ಹೊಸದು ಮಷೀನು ಮಾಡಿದವರ ಹತ್ತಿರವೇ ಸಿಗಬೇಕು, ಅವರ ಮನುಷ್ಯನೇ ಬಂದು ಹಾಕಬೇಕು, ಅವನಿಗೆ ಮಾತ್ರ ಗೊತ್ತಿರುವ ನಂಬರು ಒತ್ತಿದರೆ ಮಾತ್ರ ಅದು ಏಳುತ್ತದೆ. ಆ ಮನುಷ್ಯನ ಹೆಸರು ಲಿನ್. ಬರಲು ಅವರು ತಯಾರಾಗಿದ್ದರು. ಆದರೆ ವೀಸಾ ಬೇಕಲ್ಲ. ಲಡಾಖಿನಲ್ಲಿ ನಮ್ಮ ಸೈನಿಕರು ಪ್ರಾಣ ಕೊಟ್ಟ ವರ್ಷದಿಂದ ಚೀನಾದವರಿಗೆ ವೀಸಾ ಸಿಗುವುದೇ ಕಷ್ಟವಾಗಿತ್ತು. ನೇರ ವಿಮಾನವೂ ನಿಂತಿತ್ತು.

ಆ ವರ್ಷ ನಮ್ಮ ಬೀದಿಯ ಹೆಂಗಸರೆಲ್ಲ ಸೇರಿ ಸತ್ತ ಸೈನಿಕರಿಗಾಗಿ ದೀಪ ಹಚ್ಚಿದ್ದೆವು. ಚೀನಾದ ಸಾಮಾನು ಮುಟ್ಟುವುದಿಲ್ಲ, ಅಲ್ಲಿಯವರನ್ನು ಒಳಗೆ ಬಿಡಲೇಬಾರದು ಎಂದು ಎಲ್ಲರಿಗಿಂತ ಜೋರಾಗಿ ಹೇಳಿದವಳು ನಾನೇ. ಹಾಗೆ ಹೇಳಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ. ಹೊಟ್ಟೆ ಉರಿದಿತ್ತು, ಹೇಳಿದೆ. ಆದರೆ ಅದೇ ಬಾಯಲ್ಲಿ ಈಗ, ಅವರೊಬ್ಬರನ್ನು ಬಿಡಪ್ಪಾ ಎಂದು ಬೇಡಿಕೊಳ್ಳಬೇಕಾಯಿತು.

ವಾರದೊಳಗೆ ಆ ಮಷೀನಿನ ಎಂಟು ಜನ ಗುತ್ತಿಗೆಯವರನ್ನು, ಮಷೀನು ಸರಿಯಾಗುವವರೆಗೆ ಬರಬೇಡಿ ಎಂದು ಕಳಿಸಿಬಿಟ್ಟರು. ಮಾದೇವ ಗೇಟಿನಿಂದ ನೆಟ್ಟಗೆ ನಮ್ಮ ಮನೆಗೆ ಬಂದ.

"ಅಕ್ಕೋ, ಕಾಪಿ ಮಾಡು. ನನ್ ಕೆಲ್ಸ ಲಡಾಖ್‌ನಲ್ಲಿ ಸಿಕ್ಕಾಕೊಂಡದೆ."

"ತಮಾಷೆ ಮಾಡ್ತೀಯಲ್ಲೋ!"

"ಇನ್ನೇನ್ ಅಳ್ಳಾ? ಅಲ್ಲಿ ಬೆಟ್ಟದ್ ಮ್ಯಾಲೆ ಅವ್ರೂ ಇವ್ರೂ ನಿಂತವ್ರೆ, ಇಲ್ಲಿ ನಾನ್ ನಿಂತಿವ್ನಿ. ಎಲ್ಲಾ ಈ ಕರೆಂಟ್‌ನೋರ್ದು ಕಣಕ್ಕ. ಅವ್ರ್ ಮನೆ ಆಳಾಗ."

ಯಜಮಾನರು ಪೇಪರನ್ನು ಮುಖಕ್ಕೆ ಇನ್ನೂ ಹತ್ತಿರ ಹಿಡಿದರು. "ಅಲ್ವಾ ಭಾವ?" ಎಂದು ಅವನು ಕೇಳಿದ. "ಹೂಂ... ಕಾಫಿ ಕುಡಿ," ಎಂದರು. ನಾನು ಒಳಗೆ ಹೋಗಿ ಡಿಕಾಕ್ಷನ್ನಿಗೆ ಎರಡು ಸಲ ಸಕ್ಕರೆ ಹಾಕಿದೆ.

ಅದಾಗಿ ಕೆಲವೇ ದಿನಕ್ಕೆ ಆ ಸುದ್ದಿ ಬಂತು. ಗಡಿಯಲ್ಲಿ ಸೈನಿಕರು ಹಿಂದೆ ಸರಿಯುವುದಕ್ಕೆ, ಮೊದಲಿನ ಹಾಗೆ ಗಸ್ತು ತಿರುಗುವುದಕ್ಕೆ ಎರಡೂ ಕಡೆ ಒಪ್ಪಿದ್ದಾರೆ. ಎರಡು ದೇಶದ ದೊಡ್ಡವರು ರಷ್ಯಾದಲ್ಲಿ ಕೂತು ಮಾತಾಡಿದ್ದಾರೆ. ಮೊದಲ ಪುಟದಲ್ಲಿ ಕೈಕುಲುಕುವ ಫೋಟೋ. ನಾನು ಹೂಕೋಸು ಹೆಚ್ಚುವುದನ್ನು ಬಿಟ್ಟು ಮೂರು ಸಲ ಓದಿದೆ.

"ಹಂಗಾದ್ರೆ ಲಿನ್ ಬರ್ತಾರೇನ್ರೀ?"

"ಲೇ, ಅವರು ಮಾತಾಡಿದ್ದು ನಮ್ ಮಷೀನ್ ವಿಷ್ಯ ಅಲ್ಲ ಕಣೇ."

"ಮಾತಾಡಿದ್ರಲ್ಲ. ಶುರು ಆಯ್ತಲ್ಲ," ಎಂದೆ. ಅಕ್ಕಪಕ್ಕದ ಮನೆಯವರು ಜಗಳವಾಡಿ ಮಾತು ಬಿಟ್ಟರೆ, ಮೊದಲು ಒಬ್ಬರು ಬಾಗಿಲಿಗೆ ಬಂದು ನಿಲ್ಲಬೇಕು. ಆಮೇಲೆ ಸಾರಿನ ಬಟ್ಟಲು ಗೋಡೆಯ ಮೇಲಿಂದ ತಾನಾಗಿ ಓಡಾಡುತ್ತದೆ. ಇದನ್ನು ತಿಳಿಯುವುದಕ್ಕೆ ದೆಹಲಿಗೇನೂ ಹೋಗಬೇಕಾಗಿಲ್ಲ.

ಕಾರ್ತೀಕದ ಮೊದಲ ಸೋಮವಾರ ಅರ್ಚನೆಯ ಸಾಲಿನಲ್ಲಿ ನಿಂತೆ. ಮನೆಯವರ ಹೆಸರೆಲ್ಲ ಹೇಳಿ ಮುಗಿಸಿ, ಅರ್ಚಕರಿಗೆ, "ಇನ್ನೊಂದು ಹೆಸರಿದೆ ಸ್ವಾಮಿ, ಲಿನ್," ಎಂದೆ.

"ಯಾವ ಊರಮ್ಮ?"

"ಚೀನಾ."

ಹಿಂದಿದ್ದವರಲ್ಲಿ ಯಾರೋ ಕಿಸಕ್ಕೆಂದರು. ಅರ್ಚಕರು ನಗಲಿಲ್ಲ. "ನಕ್ಷತ್ರ?"

"ಗೊತ್ತಿಲ್ಲ ಸ್ವಾಮಿ. ಗೋತ್ರವೂ ಗೊತ್ತಿಲ್ಲ."

"ಗೊತ್ತಿಲ್ದೇ ಇದ್ರೆ ಶಿವಗೋತ್ರ ಅಂತ ಹೇಳ್ತೀವಿ. ಎಲ್ಲಾ ಅವನ ಮಕ್ಕಳೇ. ಏನಾಗಬೇಕು ಇವರಿಗೆ, ಆರೋಗ್ಯವಾ?"

"ವೀಸಾ."

ಆಗ ಅವರಿಗೂ ನಗು ತಡೆಯಲಾಗಲಿಲ್ಲ. "ಅಮೆರಿಕಾಕ್ಕೆ ವೀಸಾ ಕೊಡಪ್ಪಾ ಅಂತ ಕೇಳೋರು ವಾರಕ್ಕೆ ನಾಲ್ಕು ಜನ ಬರ್ತಾರೆ ತಾಯಿ. ಹೊರಗಿನವರಿಗೆ ನಮ್ಮ ವೀಸಾ ಕೊಡು ಅಂತ ಕೇಳಿದೋರು ನೀವೇ ಮೊದಲು," ಎಂದು, ಲಿನ್ ಹೆಸರನ್ನು ಸ್ಪಷ್ಟವಾಗಿ ಸಂಕಲ್ಪದಲ್ಲಿ ಸೇರಿಸಿ ಬಿಲ್ವಪತ್ರೆ ಏರಿಸಿದರು. ಕಾರ್ತೀಕದ ಎಲ್ಲ ಸೋಮವಾರವೂ ಆ ಹೆಸರು ಹೇಳಿಸಿದೆ.

ಆದರೂ ವೀಸಾ ಬೇಗ ಬರಲಿಲ್ಲ. ಅರ್ಜಿ ಹೋಯಿತು, ಇನ್ನೊಂದು ಕಾಗದ ಬೇಕೆಂದು ವಾಪಸ್ಸು ಬಂತು, ಮತ್ತೆ ಹೋಯಿತು. ಧನುರ್ಮಾಸ ಮುಗಿಯಿತು. ಯಜಮಾನರನ್ನು ಬೇರೆ ಸಣ್ಣ ಮಷೀನಿಗೆ ಹಾಕಿದ್ದರು. ಅಷ್ಟರಮಟ್ಟಿಗೆ ನಮ್ಮ ಮನೆಯ ಒಲೆ ಉರಿಯುತ್ತಿತ್ತು. ಆದರೆ ಊಟಕ್ಕೆ ಕೂತರೆ ಇವರ ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಸಾರು ಆರಿರುತ್ತಿತ್ತು.

ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಡಲು ತವರಿಗೆ ಹೋದೆ. ಮಾದೇವ ತಲಕಾಡಿನ ಕಡೆ ಕಬ್ಬು ಕಡಿಯಲು, ಲೋಡು ಮಾಡಲು ಹೋಗುತ್ತಿದ್ದ. ಎಳ್ಳು ತೆಗೆದುಕೊಳ್ಳಲು ಕೈ ಚಾಚಿದ. ಕಬ್ಬಿನ ಗರಿ ಕೊಯ್ದ ಗೀರುಗಳು ಮೊಣಕೈವರೆಗೆ, ಒಂದು ಒಣಗುವ ಮೊದಲೇ ಇನ್ನೊಂದು. ಅಂಗೈಗೆ ಬಟ್ಟೆ ಸುತ್ತಿದ್ದ.

"ಏನೋ ಇದು?"

"ಏನಿಲ್ಲ ಬುಡಕ್ಕ, ಮುಚ್ಚಳ ಆರ್ಸೋ ಮೆತ್ತನ್ ಕೈ ಇದು. ಕಬ್ಬು ಪಾಠ ಕಲಿಸ್ತಾದೆ."

ಬಸ್ಸಿನಲ್ಲಿ ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಕಬ್ಬು ತುಂಬಿದ ಟ್ರ್ಯಾಕ್ಟರುಗಳು. ನನಗೆ ಕಣ್ಣೆತ್ತಿ ನೋಡಲಾಗಲಿಲ್ಲ. ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ಕೇಳಿದೆ:

"ನೀವು ಹೇಳ್ತೀರೋ, ನಾನು ಹೇಳ್ಲೋ?"

ಏನು ಎಂದು ಇವರು ಕೇಳಲಿಲ್ಲ. "ಕೆಲ್ಸ ಹೋದ್ರೆ?"

"ಹೋದ್ರೆ ಭಾವ ಭಾವಮೈದ ಇಬ್ರೂ ಕಬ್ಬು ಹೊರಿ. ನಾನು ಬುತ್ತಿ ತರ್ತೀನಿ."

"ಮೊದ್ಲು ಮಾದೇವನಿಗೆ ಹೇಳ್ತೀನಿ," ಎಂದರು.

ಎರಡು ದಿನಕ್ಕೆ ವೀಸಾ ಬಂತು. ಕೈಮುಗಿದು ಕಣ್ಣು ತೆರೆಯುವಷ್ಟರಲ್ಲಿ ಚೀನಾದಿಂದ ಇನ್ನೊಂದು ಕಾಗದ: ಅವರಿಗೆ ಹೊಸ ವರ್ಷದ ಹಬ್ಬ, ಕಂಪನಿಯೆಲ್ಲ ರಜೆ, ಹಬ್ಬ ಮುಗಿದ ಮೇಲೆ ಬರುತ್ತಾರೆ. ನಮ್ಮ ಹಬ್ಬದಲ್ಲಿ ಕೆಟ್ಟ ಮಷೀನು ಅವರ ಹಬ್ಬಕ್ಕಾಗಿ ಕಾಯಬೇಕಾಯಿತು. ಹಬ್ಬ ಬಿಟ್ಟು ಬನ್ನಿ ಎಂದು ಯಾವ ಬಾಯಲ್ಲಿ ಹೇಳುವುದು? ಅವರ ಮನೆಯಲ್ಲೂ ಹೆಂಡತಿ ಮಕ್ಕಳು ದಾರಿ ನೋಡುತ್ತಿರುತ್ತಾರೆ ಎಂದುಕೊಂಡೆ.

ಮಾಘಸ್ನಾನಕ್ಕೆ ನಾವಿಬ್ಬರೂ ನರಸೀಪುರದ ಸಂಗಮಕ್ಕೆ ಹೋದೆವು. ಮಾದೇವನೂ ಬಂದ. ಬೆಳಗಿನ ಬಿಸಿಲು ಆಗಷ್ಟೇ ನೀರಿಗೆ ಇಳಿದಿತ್ತು. ಮೂರು ಮುಳುಗು ಹಾಕಿ ಎದ್ದ ಯಜಮಾನರು ಸೊಂಟದವರೆಗಿನ ನೀರಿನಲ್ಲಿ ನಿಂತು ನಡುಗುತ್ತಲೇ ಹೇಳಿದರು: "ಮಾದೇವ, ಮಷೀನ್ ಕೆಡಿಸಿದ್ದು ಕರೆಂಟಲ್ಲ ಕಣೋ. ನಾನು." ತೀರ್ಥದ ಕತೆಯನ್ನೆಲ್ಲ ಹೇಳಿದರು. ಕಡೆಕಡೆಗೆ ಕಣ್ಣಲ್ಲಿ ನೀರು ಬಂತು. ನಾನು ಒಣ ಪಂಚೆ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದೆ.

ಮಾದೇವ ಟವೆಲನ್ನು ಹಿಂಡಿದ, ಮತ್ತೆ ಅದ್ದಿದ, ಮತ್ತೆ ಹಿಂಡಿದ.

"ಭಾವ, ನೀರೊಳಗ್ ನಿಂತ್ಕೊಂಡು ಯೋಳಿದ್ರಿ, ಬದುಕ್ಕೊಂಡ್ರಿ. ದಡದ ಮ್ಯಾಲೆ ಯೋಳಿದ್ರೆ ಇಲ್ಲಿಗೇ ನೂಕ್‌ಬುಡ್ತಿದ್ದೆ," ಎಂದ. ಆಮೇಲೆ, "ಅಲ್ಲಾ, ನಾಕ್ ತಿಂಗ್ಳಿಂದ ಆ ಕರೆಂಟ್‌ನೋರ್ ವಂಶಾನೆಲ್ಲ ಬೈದಿವ್ನಲ್ಲ ನಾನು. ಆ ಪಾಪ ಯಾರಿಗೆ?"

"ನನಗೇ ಇರ್ಲಿ ಕಣೋ."

"ಮ್ಯಾನೇಜರ್‌ಗೆ ಯೋಳಿದ್ರಾ?"

"ಇಲ್ಲ. ಲಿನ್ ಬಂದ ದಿನ ಅವರ ಮುಂದೇನೇ ಹೇಳ್ತೀನಿ."

"ಯೋಳಿ. ಇಲ್ಲಿ ಅತ್ತಂಗೆ ಅಲ್ಲಿ ಅಳ್ಬ್ಯಾಡಿ ಮತ್ತೆ."

ಮಾತು ಹಾಗಿದ್ದರೂ ಅವನ ಮುಖ ಸಡಿಲವಾಗಲಿಲ್ಲ. ತವರುಮನೆಯಲ್ಲಿ ನಮ್ಮ ಜೊತೆ ಊಟಕ್ಕೆ ಕೂರದೆ, ಕೆಲಸವಿದೆ ಎಂದು ಹೊರಟುಹೋದ. ಅವನ ತಪ್ಪೇನೂ ಇರಲಿಲ್ಲ.

ಲಿನ್ ಬಂದದ್ದು ಶಿವರಾತ್ರಿಗೆ ವಾರವಿರುವಾಗ. ನೇರ ವಿಮಾನ ಇನ್ನೂ ಶುರುವಾಗಿರಲಿಲ್ಲ. ಸಿಂಗಪುರ ಸುತ್ತಿಕೊಂಡು ಬೆಂಗಳೂರಿಗೆ, ಅಲ್ಲಿಂದ ಕಾರಿನಲ್ಲಿ ತಾಂಡ್ಯಕ್ಕೆ. ನಲವತ್ತರೊಳಗಿನವರು, ಸಣ್ಣಗೆ, ಕನ್ನಡಕ, ಕೈಯಲ್ಲಿ ಗಾಲಿಯ ಪೆಟ್ಟಿಗೆ ಎಂದು ಯಜಮಾನರು ಹೇಳಿದರು. ಮೊದಲ ದಿನ ಮಷೀನಿನ ಸುತ್ತ ಅಳತೆ, ಕಾಗದಪತ್ರದಲ್ಲೇ ಕಳೆಯಿತಂತೆ. ಹೋಟೆಲಿನ ಖಾರ ಸೇರದೆ ಬರೀ ಬಾಳೆಹಣ್ಣು ತಿಂದುಕೊಂಡಿದ್ದರಂತೆ. ಮಾರನೆಯ ದಿನ ಮೆಣಸಿನಕಾಯಿ ಸೋಕಿಸದೆ ತಿಳಿಸಾರು, ಅನ್ನ, ಹುರುಳಿಕಾಯಿ ಪಲ್ಯ, ಮೊಸರು ಮಾಡಿ ಕ್ಯಾರಿಯರ್ ಕಳಿಸಿದೆ. ಇವರ ಮುಂದೆ ವಿಭೂತಿಯ ತಟ್ಟೆ ಹಿಡಿದು, "ಇವತ್ತು ಹೇಳ್ತೀರಿ ತಾನೆ?" ಎಂದೆ. ಹಣೆಗೆ ಹಚ್ಚಿಕೊಂಡು, ತಲೆಯಾಡಿಸಿ ಹೋದರು.

ಆ ದಿನ ನಾನು ಮಾಡಿದ ಕೆಲಸ ಒಂದೂ ನೆನಪಿಲ್ಲ. ಸಂಜೆ ಇವರು ಬಂದು, ಕ್ಯಾರಿಯರ್ ಕೆಳಗಿಟ್ಟು, ಗೋಡೆಗೆ ಒರಗಿ ಕೂತು ಹೇಳಿದ್ದನ್ನು ಹೇಳುತ್ತೇನೆ.

ಲಿನ್ ಮಷೀನಿನ ಪೆಟ್ಟಿಗೆ ತೆರೆದು, ಸುಟ್ಟ ಕಾರ್ಡನ್ನು ಎಳೆದು ಬೆಳಕಿಗೆ ಹಿಡಿದರಂತೆ. ಅದರ ಮೇಲೆ ಒಣಗಿದ ಕೆಂಪು ಗೆರೆಗಳು, ಮೇಲಿಂದ ಇಳಿದ ಹಾಗೆ. ಬೆರಳಿನಿಂದ ಮುಟ್ಟಿ, ಮೂಸಿ, ಸುತ್ತ ನಿಂತವರ ಮುಖ ನೋಡಿದರಂತೆ. "ಏನದು ಕೆಂಪು?" ಎಂದು ಮ್ಯಾನೇಜರ್ ಕೇಳಿದರು.

"ಕುಂಕುಮ ಸಾರ್. ನಾನೇ," ಎಂದರಂತೆ ಯಜಮಾನರು. ಹಬ್ಬದ ದಿನ ಮಾಡಿದ್ದನ್ನೆಲ್ಲ, ಆಮೇಲೆ ಬಾಯಿ ಬಿಡದೆ ಉಳಿದದ್ದನ್ನು ಕೂಡ, ಒಂದೇ ಉಸಿರಿಗೆ ಹೇಳಿದರಂತೆ.

ಮ್ಯಾನೇಜರ್ ಕೆಂಪಾದರು. "ನಾಲ್ಕು ತಿಂಗಳು ಏನ್ರೀ ಮಾಡ್ತಿದ್ರಿ? ನಿಮ್ಮ ಭಕ್ತಿಗೆ ಎಂಟು ಜನರ ಕೆಲಸ ನಿಂತಿದೆ, ಗೊತ್ತೇನ್ರೀ?"

"ಗೊತ್ತು ಸಾರ್. ಅದರಲ್ಲಿ ಒಬ್ಬ ನನ್ನ ಭಾವಮೈದ."

ಲಿನ್‌ಗೆ ಮಾತು ತಿಳಿಯದು. ತಮ್ಮ ಮೊಬೈಲನ್ನು ಯಜಮಾನರ ಬಾಯಿಯ ಹತ್ತಿರ ಹಿಡಿದು, ಇದರಲ್ಲಿ ಹೇಳಿ ಎಂದು ಸನ್ನೆ ಮಾಡಿದರು. ಇವರು ಮತ್ತೆ ಹೇಳಿದರು. ಮೊಬೈಲು ಅದನ್ನು ಅವರ ಭಾಷೆಯಲ್ಲಿ ಓದಿತು. ಲಿನ್ ಕೇಳಿಸಿಕೊಂಡು, ಗಹಗಹಿಸಿ ನಕ್ಕುಬಿಟ್ಟರಂತೆ. ಮೊಬೈಲಿನಲ್ಲಿ ಹುಡುಕಿ ಒಂದು ಫೋಟೋ ತೋರಿಸಿದರು. ಅವರ ಕಾರ್ಖಾನೆಯಲ್ಲಿ ಹೊಸ ಮಷೀನಿನ ಮುಂದೆ ಮೇಜು, ಮೇಜಿನ ಮೇಲೆ ಕಿತ್ತಳೆ ಹಣ್ಣಿನ ರಾಶಿ, ಉರಿಯುತ್ತಿರುವ ಊದುಕಡ್ಡಿಗಳು, ಮಷೀನಿಗೆ ಅಂಟಿಸಿದ ಕೆಂಪು ಕಾಗದ. ಮುಂದೆ ಲಿನ್ ತಾವೇ ಕೈಮುಗಿದು ನಿಂತಿದ್ದರು. ಆಮೇಲೆ ಮೊಬೈಲು ಕನ್ನಡದಲ್ಲಿ, ಯಾವುದೋ ಹೆಂಗಸಿನ ದನಿಯಲ್ಲಿ ಹೇಳಿತಂತೆ: "ನಾವೂ ಪೂಜಿಸುತ್ತೇವೆ. ನೀರು ಮಾತ್ರ ಹಾಕುವುದಿಲ್ಲ."

ಮ್ಯಾನೇಜರಿಗೂ ನಗು ಬಂತಂತೆ. ನಗು ಬಂದ ಮೇಲೆ ಕೆಲಸದಿಂದ ತೆಗೆಯುವುದು ಕಷ್ಟ. ಒಂದು ಮೆಮೋ ಕೊಟ್ಟರು, ಆರು ತಿಂಗಳು ಉಸ್ತುವಾರಿ ಬೇರೆಯವರಿಗೆ ಎಂದರು. ಯಜಮಾನರು ಸಹಿ ಹಾಕಿ ಬಂದಿದ್ದರು. ಆ ಮೆಮೋವನ್ನು ನಾನು ಪ್ರಸಾದದ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡೆ. ಕ್ಯಾರಿಯರ್ ತೆರೆದರೆ ನಾಲ್ಕೂ ಡಬ್ಬಿ ಖಾಲಿ, ತೊಳೆದಿತ್ತು. "ಲಿನ್ನೇ ತೊಳೆದ್ರು, ಬೇಡ ಅಂದ್ರೂ ಕೇಳ್ಲಿಲ್ಲ," ಎಂದರು. ಆ ರಾತ್ರಿ ಇವರು ಬಿಸಿ ಸಾರಿನಲ್ಲಿ ಉಂಡರು, ಎರಡು ಸಲ ಹಾಕಿಸಿಕೊಂಡು.

ಲಿನ್ ಹೋಗುವ ಮುಂಚೆ ಪೆಟ್ಟಿಗೆಯ ನೆತ್ತಿಗೆ ತಗಡಿನ ಒಂದು ಇಳಿಜಾರು ಚಾವಣಿ ಮಾಡಿಸಿ, ಒಂದು ನೀರಿನ ಹನಿ ಬರೆದು ಅದರ ಮೇಲೆ ಅಡ್ಡಗೆರೆ ಎಳೆದು ಹೋದರು. ಈಗ ಎಲ್ಲ ಮಷೀನುಗಳಿಗೂ ಹೂವು, ಅಕ್ಷತೆ ಮಾತ್ರ.

ಆಮೇಲೆ ನೇರ ವಿಮಾನವೂ ಶುರುವಾಯಿತು, ಕೈಲಾಸ ಯಾತ್ರೆಗೂ ದಾರಿ ಬಿಟ್ಟರು ಎಂದು ಓದಿದೆ. ಎರಡು ದೇಶಕ್ಕೂ ಒಬ್ಬರ ಮೇಲೊಬ್ಬರಿಗೆ ಪೂರ್ತಿ ನಂಬಿಕೆ ಬಂದಿದೆ ಎಂದು ನಾನು ಹೇಳಲಾರೆ. ನಮ್ಮ ಹುಡುಗರು ಇವತ್ತೂ ಆ ಹಿಮದಲ್ಲಿ ಕಾವಲು ನಿಂತಿದ್ದಾರೆ. ಅವರನ್ನು ನೆನೆಯದೆ ನಾನು ದೀಪ ಹಚ್ಚುವುದಿಲ್ಲ. ಆದರೆ ದೊಡ್ಡವರು ಒಂದು ಮಾತಾಡಿದ್ದರಿಂದ ಒಬ್ಬ ಮನುಷ್ಯ ಬಂದು, ಒಂದು ಕಾರ್ಡು ಹಾಕಿ ಹೋಗುವಷ್ಟು ಸಂದು ಸಿಕ್ಕಿತು. ನಮಗೆ ಅಷ್ಟು ಸಾಕಾಗಿತ್ತು.

ಶಿವರಾತ್ರಿ ಕಳೆದ ಸೋಮವಾರ ಎಂಟು ಜನವೂ ಕೆಲಸಕ್ಕೆ ಬರಬೇಕೆಂದು ಕರೆ ಹೋಗಿತ್ತು. ಸಂಗಮದ ದಿನದಿಂದ ಮಾದೇವ ನಮ್ಮ ಮನೆಗೆ ಕಾಲಿಟ್ಟಿರಲಿಲ್ಲ, ಫೋನೂ ಮಾಡಿರಲಿಲ್ಲ. ಆ ಬೆಳಗ್ಗೆ ಬರುತ್ತಾನೋ ಇಲ್ಲವೋ ಎಂದು ಯಜಮಾನರು ಅರ್ಧಗಂಟೆ ಮುಂಚೆಯೇ ಹೊರಟರು. ನಾನು ಬಟ್ಟೆ ಒಣಗಹಾಕುತ್ತಿದ್ದೆ. ಫೋನು ಬಡಿದುಕೊಂಡಿತು.

ಮೊದಲು ಮಾತೇ ಇಲ್ಲ. ಬರೀ ಮಷೀನಿನ ಸದ್ದು. ಅದರ ಜೊತೆಗೆ ಮುಚ್ಚಳಗಳು ಗಲಗಲನೆ ಡಬ್ಬಕ್ಕೆ ಬೀಳುವುದು. ಮಧ್ಯೆ ಯಾರೋ, "ಲೇ ಮಾದೇವ, ಪೋನ್ ಒಳಗಿಡ್ಲಾ, ಸೂಪರ್‌ವೈಸರ್ ಬತ್ತಾವ್ನೆ," ಎಂದರು.

"ಅಕ್ಕಾ, ಕೇಳುಸ್ತಾ?" ಎಂದು ಮಾದೇವ ಕೂಗಿದ. "ಭಾವ ಇಲ್ಲೇ ಪಕ್ಕದಲ್ಲವ್ರೆ. ತಿಂಡಿ ತಂದಿರ್ಲಿಲ್ಲ ನಾನು, ಅವ್ರ್ ಡಬ್ಬೀಲಿ ತಿಂದೆ. ಉಪ್ಪಿಟ್ಗೆ ಉಪ್ಪು ಕಮ್ಮಿ ಕಣಕ್ಕ."

ಒದ್ದೆ ಸೀರೆಯ ಅಂಚನ್ನು ಹಿಡಿದುಕೊಂಡು ಆ ಸದ್ದನ್ನೇ ಕೇಳುತ್ತ ನಿಂತೆ.

"ಕೇಳಿಸ್ತು ಕಣೋ," ಎಂದೆ ಕೊನೆಗೆ. "ನಾಳೆ ಸರಿಯಾಗಿ ಹಾಕ್ತೀನಿ. ಇಬ್ರಿಗೂ."